ನನ್ನ ಬಾಯಿಂದ ಯಾಕ ಹೇಳಸ್ತೀರಿ

ಇದನ್ನು ಹೇಳಲು ತಡಮಾಡಿದ್ದೇನೆ. ತಡ ಎನ್ನುವುದು ಸಣ್ಣ ಮಾತು — ತಪ್ಪಿಸಿಕೊಂಡು ತಿರುಗಿದ್ದೇನೆ. ನನ್ನ ಗೆಳೆಯನ ಮಗಳಿಗೆ ಕೂಡಿಬಂದಿದ್ದ ಸಂಬಂಧವನ್ನು ಮುರಿದವನು ನಾನು. ಫೋನಿನಲ್ಲಿ ಆಡಿದ ಒಂದೇ ಮಾತಿನಿಂದ ಮುರಿದೆ. ಆ ಮಾತಿನಲ್ಲಿ ಸುಳ್ಳು ಇರಲಿಲ್ಲ, ಬೈಗುಳ ಇರಲಿಲ್ಲ, ಆಕೆಯ ಹೆಸರು ಕೂಡ ಇರಲಿಲ್ಲ. ಹಾಗಾಗಿಯೇ ಇಷ್ಟು ವರ್ಷ, ನಾನೇನು ಅಂದೆ, ಏನೂ ಅನ್ನಲಿಲ್ಲವಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡು ಬಂದೆ.

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮದು ಬಾಂಡೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರ — ಮದುವೆಯ ಪಾತ್ರೆ ಪಗಡಗಳೇ ಹೆಚ್ಚು. ಹುಟ್ಟೂರು ತಿಕೋಟಾ. ಚನ್ನಪ್ಪನೂ ಅಲ್ಲಿಯವನೇ, ಮ್ಯಾಟ್ರಿಕ್ ತನಕ ನನ್ನ ಮಗ್ಗುಲಲ್ಲೇ ಕೂತವನು. ನಾನು ಅಂಗಡಿಗೆ ಬಂದೆ, ಅವನು ಹೊಲಕ್ಕೆ ಹೋದ. ಆದರೂ ಅವನ ಮನೆಯಲ್ಲಿ ಏನು ನಡೆದರೂ ಮೊದಲ ಸುದ್ದಿ ನನಗೆ. ಬಾವಿಗೆ ನೀರು ಬಿದ್ದದ್ದು, ತಮ್ಮ ಬೇರೆಯಾದದ್ದು, ಮಗಳು ಹುಟ್ಟಿದ್ದು — ಎಲ್ಲವೂ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತೇ ಹೇಳಿದ. ಅದು ನನ್ನ ಹಕ್ಕು ಎಂದು ನಾನು ಯಾವಾಗ ತಿಳಿದುಕೊಂಡೆನೋ — ಗೊತ್ತಿಲ್ಲ.

ಆ ವರ್ಷ ಎಳ್ಳಮಾವಾಸ್ಯೆ ಮುಗಿದಿತ್ತು. ಜೋಳ ತೆನೆ ಕಟ್ಟುತ್ತಿತ್ತು, ಹಕ್ಕಿ ಕಾಯುವುದು ಬಿಟ್ಟರೆ ಹೊಲದಲ್ಲಿ ಕೆಲಸವಿಲ್ಲ. ಚನ್ನಪ್ಪ ಅಂಗಡಿಗೆ ಬಂದು ಅಂದ:

“ಬಸು, ಎಲ್ಲೆರ ಹೋಗೂಣ ನಡಿಲೇ. ಗುಡಿಗೆ ಬ್ಯಾಡ, ಮದಿವಿಗೆ ಬ್ಯಾಡ. ಸುಮ್ಮನ ಕುಂದ್ರಾಕ.”

ಸುಮ್ಮನೆ ಕೂರಲು ಊರು ಬಿಟ್ಟು ಹೋಗುವುದು ನಮ್ಮಿಬ್ಬರಿಗೂ ಹೊಸತು. ಮಿರಜದ ಪಾತ್ರೆ ವ್ಯಾಪಾರಿಯೊಬ್ಬರು ಮಹಾಬಳೇಶ್ವರದಿಂದ ಆಚೆ, ಕಣಿವೆಯ ಅಂಚಿನಲ್ಲಿರುವ ಒಂದು ಹಳ್ಳಿಯ ಗುರುತು ಹೇಳಿದರು. ಅಲ್ಲಿ ಒಬ್ಬ ಮರಾಠಿ ಹೆಂಗಸು ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದಳು. ನಾವು ಆಕೆಯನ್ನು ಮಾವಶಿ ಎಂದು ಕರೆದೆವು. ನಾವು ಕಟ್ಟಿಕೊಂಡು ಹೋಗಿದ್ದ ಕಟಕ ರೊಟ್ಟಿ ನೋಡಿ, ಇದನ್ನು ಒಡೆಯಲು ಸುತ್ತಿಗೆ ತಂದಿದ್ದೀರಾ ಎಂದು ಆಕೆ ಕೇಳಿದಳು. ಸುತ್ತಿಗೆ ಬಾಯಲ್ಲೇ ಇದೆ, ಆದರೆ ಈಗ ನಾಲ್ಕು ಹಲ್ಲು ಕಡಿಮೆ ಎಂದು ಚನ್ನಪ್ಪ ತನ್ನ ಮುರುಕು ಮರಾಠಿಯಲ್ಲಿ ಉತ್ತರ ಕೊಟ್ಟ.

ನಮ್ಮ ಕಡೆಯ ಚಳಿ ಬಿಸಿಲು ಬಿದ್ದೊಡನೆ ಎದ್ದು ಹೋಗುತ್ತದೆ. ಅಲ್ಲಿಯದು ಮಧ್ಯಾಹ್ನವೂ ಗೋಡೆಯ ನೆರಳಿನಲ್ಲಿ ಕೂತೇ ಇರುತ್ತಿತ್ತು. ನಾವು ಕಂಬಳಿ ಹೊದ್ದು, ಕಲ್ಲಿನ ಕಟ್ಟೆಯ ಮೇಲೆ ಬಿಸಿಲು ಹುಡುಕಿಕೊಂಡು ಜರುಗುತ್ತಿದ್ದೆವು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸ್ಟ್ರಾಬೆರಿ ಪಾತಿಗಳು. ಕರಿಮಣ್ಣಿನ ಬಯಲಲ್ಲಿ ಬೆಳೆದ ಚನ್ನಪ್ಪ ಅವನ್ನು ಬಹಳ ಹೊತ್ತು ನೋಡಿ, “ಇಲ್ಲಿ ಮಂದಿ ಹೊಲಾ ಹೆಂಗ ಅಳೀತಾರೋ ಏನೋ. ಒಂದು ಬದು ನೆಲದಾಗ ಐತಿ, ಇನ್ನೊಂದು ಆಕಾಶದಾಗ ಐತಿ,” ಅಂದ. ನಾನು ನಕ್ಕೆ. ಬದುಕಿನಲ್ಲಿ ಅಷ್ಟು ಹಗುರಾಗಿ ನಕ್ಕ ದಿನಗಳು ನನಗೆ ಹೆಚ್ಚು ನೆನಪಿಲ್ಲ — ಅದನ್ನೂ ಇಲ್ಲಿ ಬರೆಯಲೇಬೇಕು.

ಒಂದು ಮಧ್ಯಾಹ್ನ ಕಣಿವೆಯ ದಾರಿ ಹಿಡಿದು ನಡೆದಿದ್ದೆವು. ಇಳಿಜಾರಿನ ಮರದ ಕೊಂಬೆಗೆ ಹಗ್ಗ ಕಟ್ಟಿ ಊರಿನ ಹುಡುಗಿಯೊಬ್ಬಳು ಜೋಕಾಲಿ ಆಡುತ್ತಿದ್ದಳು. ಮುಂದೆ ಹೋದಾಗ ಅವಳ ಕಾಲ ಕೆಳಗೆ ಬರೀ ಗಾಳಿ. ಚನ್ನಪ್ಪ ನಿಂತುಬಿಟ್ಟ. ಆಮೇಲೆ ಅತ್ತ ಬೆನ್ನು ಮಾಡಿ ಕಲ್ಲಿನ ಮೇಲೆ ಕೂತ.

ನಾಗರಪಂಚಮಿ ಬಂತೆಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮನೆಮನೆಯಲ್ಲೂ ಜೋಕಾಲಿ. ಚನ್ನಪ್ಪ ಮಾತ್ರ ಮಗಳಿಗೆ ಎಂದೂ ಕಟ್ಟಿದವನಲ್ಲ. ಹಗ್ಗ ಸವೆದೀತೆಂದು ಅಂಜುವ ಜಿಪುಣ ಎಂದು ನಾನೇ ಎಷ್ಟೋ ವರ್ಷ ಅವನನ್ನು ಹಂಗಿಸಿದ್ದೆ. ಆ ದಿನ ಅವನು ಕಾರಣ ಹೇಳಿದ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಮಗಳಿಗೆ ಫಿಟ್ಸ್ ಬರುತ್ತಿತ್ತು. ನಿಂತಲ್ಲೇ ಬೀಳುತ್ತಿದ್ದಳು. ಹೊಲಕ್ಕೆ ಔಷಧ ತರುವ ನೆಪದಲ್ಲಿ ಮಿರಜಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದ. ದೊಡ್ಡವಳಾದ ಮೇಲೆ ನಿಂತಿತು, ಗುಳಿಗೆಯನ್ನೂ ಡಾಕ್ಟರು ಬಿಡಿಸಿದರು.

“ಊರಾಗ ಯಾರಿಗೂ ಗೊತ್ತಿಲ್ಲ. ಈಗ ಯಾಕ ಹೇಳಿದೆ ಅಂದ್ರ —” ಎಂದು ನನ್ನ ಮುಖ ನೋಡಿದ. ಆಮೇಲೆ, “ಇರಲಿ, ಊರು ಮುಟ್ಟೂತನಕ ತಡಿ,” ಅಂದ. ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ. ಆ ಕೈ ಇಟ್ಟವನೂ ನಾನೇ.

ಮರುದಿನ ಬೆಳಿಗ್ಗೆ ನನ್ನ ಫೋನು ಬಡಿಯಿತು. ಆ ಊರಲ್ಲಿ ಚನ್ನಪ್ಪನ ಫೋನಿಗೆ ಸಿಗ್ನಲ್ಲೇ ಇರಲಿಲ್ಲ, ನನ್ನದಕ್ಕೆ ಹೊಸ್ತಿಲ ಹತ್ತಿರ ನಿಂತರೆ ಸಿಗುತ್ತಿತ್ತು. ಮಾಡಿದವರು ಬಬಲೇಶ್ವರದ ಒಬ್ಬ ಗೌಡರು, ನಮ್ಮ ಅಂಗಡಿಯ ಹಳೆಯ ಗಿರಾಕಿ. ನಾನು ಎಲ್ಲಿದ್ದೇನೆ, ಯಾರ ಜೊತೆಗಿದ್ದೇನೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

“ಸಾವಕಾರ್ರ, ತಿಕೋಟಾದ ಚನ್ನಪ್ಪನ ಮಗಳನ್ನ ನಮ್ಮ ತಂಗಿ ಮಗಗ ತಗೋಬೇಕಂತ ಮಾಡೇವ್ರಿ. ಎಲ್ಲಾ ಮುಗದಂಗ ಐತಿ, ಸಕ್ಕರಿ ಹಂಚೂದಷ್ಟ ಬಾಕಿ. ಮನಿಯವರು ಹೇಳೂದು ಹೇಳ್ಯಾರ. ನೀವು ಅವರಿಗೆ ಭಾಳ ಹತ್ತಿರದವರು, ಅದಕ್ಕ ಕೇಳಾಕತ್ತೇನಿ. ಮತ್ತೇನರ ಇದ್ರ ಹೇಳ್ರಿ.”

ಎಲ್ಲ ಮುಗಿದಂತಿದೆ — ಆ ಮಾತು ನನಗೆ ಚುಚ್ಚಿತು. ಹೊಸ್ತಿಲಿನಿಂದ ನೋಡಿದರೆ ಚನ್ನಪ್ಪ ಅಂಗಳದ ಒಲೆಯ ಮುಂದೆ ಕೂತು, ಸ್ನಾನದ ನೀರಿಗೆ ಕಟ್ಟಿಗೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಮಾವಶಿಯ ಜೊತೆ ವಾದ ಮಾಡುತ್ತಿದ್ದ. ಹುಡುಗಿಯನ್ನು ನೋಡಿ ಹೋಗಿದ್ದಾರೆ, ಮಾತುಕತೆ ಆಗಿದೆ, ನಿಶ್ಚಯದ ಸಕ್ಕರೆ ಹಂಚುವ ತನಕ ಬಂದಿದೆ — ನನಗೆ ಹೇಳಿಲ್ಲ. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕಂಬಳಿ ಹೊದ್ದು ಕೂತವನು ಹೇಳಿಲ್ಲ. ಮಗಳ ಬೇನೆ ಹೊರಲು ನಾನು ಬೇಕು, ಮದುವೆಯ ಸುದ್ದಿಗೆ ಬೇಡವೇ — ಹೀಗೆಯೇ ಯೋಚಿಸಿದೆ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಹುಡುಕಿದ್ದೇನೆ.

“ಅದನ್ನ ನನ್ನ ಬಾಯಿಂದ ಯಾಕ ಹೇಳಸ್ತೀರಿ, ಗೌಡ್ರ,” ಅಂದೆ.

“ತಿಳೀತು ಬಿಡ್ರಿ,” ಅಂದು ಗೌಡರು ಫೋನು ಇಟ್ಟರು.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಬಂಧ ಬೆಳೆಸುವ ಮೊದಲು ಪರಿಚಯದವರನ್ನು ಒಳಗಿಂದೊಳಗೆ ವಿಚಾರಿಸುತ್ತಾರೆ. ಕೂಡುವ ಸಂಬಂಧಕ್ಕೆ ಕಲ್ಲು ಹಾಕುವುದು ಪಾಪ ಎಂಬ ಅಂಜಿಕೆಯಿಂದ ಯಾರೂ ಕೆಟ್ಟದ್ದು ಎಂದು ಬಾಯಿಬಿಟ್ಟು ಅನ್ನುವುದಿಲ್ಲ. ಹೀಗೆ ಅಂದು ಸುಮ್ಮನಾಗುತ್ತಾರೆ. ಕೇಳಿದವರು ತಮಗೆ ತಿಳಿದದ್ದನ್ನು ತುಂಬಿಕೊಂಡು ಎದ್ದು ಹೋಗುತ್ತಾರೆ. ನನ್ನ ಅಂಗಡಿಯಲ್ಲೇ ಕೂತು ಯಾರೋ ಯಾರಿಗೋ ಅಂದ ಇಂಥ ಮಾತಿನಿಂದ, ಮದುವೆಗೆಂದು ತೆಗೆದಿಟ್ಟ ಪಾತ್ರೆಗಳು ಮತ್ತೆ ಕಪಾಟು ಸೇರಿದ್ದನ್ನು ಕಂಡವನು ನಾನು. ಆ ಮಾತಿನ ತೂಕ ಗೊತ್ತಿದ್ದೇ ಆಡಿದೆ.

ಚನ್ನಪ್ಪ ಎರಡು ಕಪ್ಪು ಚಹಾ ಹಿಡಿದು ಬಂದು, ಯಾರ ಫೋನು ಎಂದು ಕೇಳಿದ. ಗಿರಾಕಿ ಅಂದೆ. ಅವನು ಬಿಸಿ ಕಪ್ಪನ್ನು ತನ್ನ ಕಡೆ ಇಟ್ಟುಕೊಂಡು ಸ್ವಲ್ಪ ಆರಿದ್ದನ್ನು ನನಗೆ ಕೊಟ್ಟ — ಬಿಸಿ ನನ್ನ ಹಲ್ಲಿಗೆ ಆಗಿಬರುವುದಿಲ್ಲ.

ವಾಪಸು ಬರುವಾಗ, ಘಟ್ಟ ಇಳಿದ ಮೇಲೆ, ಬಸ್ಸಿನಲ್ಲಿ ಅವನು ನನ್ನ ಕಿವಿಯ ಹತ್ತಿರ ಬಾಗಿದ.

“ಕೂಸಿಂದು ಬಬಲೇಶ್ವರದಾಗ ಕೂಡಿ ಬಂದೈತಿ. ಸಕ್ಕರಿ ಹಂಚೂತನಕ ಯಾರ ಮುಂದೂ ಅನಬ್ಯಾಡ್ರಿ ಅಂತ ಮನ್ಯಾಗ ಆಣಿ ಹಾಕಿಸಿಕೊಂಡಾಳ. ನನಗ ತಡಕೊಳ್ಳಾಕ ಆಗವಲ್ದಲೇ. ಸಕ್ಕರಿ ತಾಟ ನೀನ ಹಿಡೀಬೇಕು.”

ಹೇಳಲೆಂದೇ ನನ್ನನ್ನು ಬೆಟ್ಟದ ತನಕ ಕರೆದೊಯ್ದಿದ್ದ. ಹೆಂಡತಿಯ ಆಣೆಗೂ ನನ್ನ ಗೆಳೆತನಕ್ಕೂ ನಡುವೆ ಸಿಕ್ಕು, ಅರ್ಧ ಹೇಳಿ ಅರ್ಧ ನುಂಗಿದ್ದ. ಬಸ್ಸು ಮಿರಜದಲ್ಲಿ ನಿಂತಿತು. ಅವನು ಮಗಳಿಗೆ ಬಳೆ ನೋಡುತ್ತೇನೆಂದು ಇಳಿದು ಹೋದ. ಫೋನು ನನ್ನ ಜೇಬಿನಲ್ಲೇ ಇತ್ತು. ಗೌಡ್ರ, ನಾನು ಸಿಟ್ಟಿನಲ್ಲಿ ಅಂದೆ, ಹುಡುಗಿ ಬಂಗಾರದಂಥವಳು — ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಯಾಕೆ ಸಿಟ್ಟು ಎಂದು ಕೇಳಿದರೆ? ನನ್ನ ಸಣ್ಣತನ ಒಬ್ಬ ಗಿರಾಕಿಯ ಮುಂದೆ ಬಯಲಾಗುತ್ತದೆಂದು ಫೋನು ತೆಗೆಯಲಿಲ್ಲ. ಅವನು ಹಸಿರು ಬಳೆ ತಂದ. ನಾನು ಚೆನ್ನಾಗಿವೆ ಅಂದೆ.

ಕೆಲವು ದಿನಗಳ ಮೇಲೆ ಚನ್ನಪ್ಪ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಹುಡುಗ ಈಗಲೇ ಮದುವೆ ಬೇಡ ಅನ್ನುತ್ತಾನಂತೆ ಎಂದು ಬಬಲೇಶ್ವರದವರು ಹೇಳಿಕಳಿಸಿದ್ದರು.

“ಬ್ಯಾನಿ ಸಲುವಾಗಿ ಅಂದ್ರ, ಅದನ್ನ ನಾನ ಮೊದಲನೇ ದಿನಾನ ಅವರ ಮುಂದ ಹೇಳೇನಿ. ಹುಡುಗ ಇರಲಿ ಬಿಡ್ರಿ ಅಂದಿದ್ದ. ಮತ್ತೇನಾತಲೇ, ಬಸು?”

ಆಗ ನನಗೆ ತಿಳಿಯಿತು. ಮನಿಯವರು ಹೇಳೂದು ಹೇಳ್ಯಾರ ಎಂದು ಗೌಡರು ಅಂದದ್ದು ಅದನ್ನೇ. ಬೇನೆಯ ವಿಷಯ ಅವರಿಗೆ ಗೊತ್ತಿತ್ತು, ಒಪ್ಪಿದ್ದರು. ನನ್ನ ಮಾತು ಕೇಳಿ ಅವರು ತುಂಬಿಕೊಂಡದ್ದು ಬೇರೆ ಏನನ್ನೋ — ಒಂದು ಹೆಣ್ಣುಮಗಳ ಬಗ್ಗೆ, ತಂದೆ ಬಾಯಿಬಿಡದ, ತಂದೆಯ ಗೆಳೆಯನೂ ಹೇಳಲಾರದ ಸಂಗತಿ ಎಂದರೆ ಜನ ಏನೆಂದುಕೊಳ್ಳುತ್ತಾರೋ ಅದನ್ನು. ಇರುವ ಸತ್ಯವನ್ನೇ ಹೇಳಿದ್ದರೂ ಆಕೆಗೆ ಏನೂ ಆಗುತ್ತಿರಲಿಲ್ಲ. ನಾನು ಚನ್ನಪ್ಪನಿಗೆ, ಋಣ ಇರಲಿಲ್ಲ ಬಿಡು ಅಂದೆ. ಅವನು ತಲೆಯಾಡಿಸಿದ. ನನ್ನಿಂದ ಸಮಾಧಾನ ಪಡೆದುಕೊಂಡು ಹೋದ.

ಆಮೇಲೆ ಹುಡುಗಿ ನೋಡಲು ಬಂದವರೆಲ್ಲ, ಮೊದಲಿನದು ಯಾಕೆ ಮುರಿಯಿತು ಎಂದು ಬಬಲೇಶ್ವರದ ಕಡೆ ವಿಚಾರಿಸಿದರು. ಒಬ್ಬರೂ ತಿರುಗಿ ಬರಲಿಲ್ಲ. ತಿಕೋಟಾದ ಬಾವಿಕಟ್ಟೆಯಲ್ಲಿ ಮಾತು ಬೆಳೆಯಿತು. ತಾಯಿ ಆ ಕೊರಗಿನಲ್ಲೇ ತೀರಿಕೊಂಡಳು. ಮಗಳು ವಿಜಯಪುರಕ್ಕೆ ಬಂದು ಓದು ಮುಂದುವರಿಸಿ ಶಿಕ್ಷಕಿಯಾದಳು, ಜಲನಗರದಲ್ಲಿ ಮನೆ ಮಾಡಿ ತಂದೆಯನ್ನು ಕರೆಸಿಕೊಂಡಳು. ತರಗತಿಯಲ್ಲಿ ಒಂದು ಮಗು ಫಿಟ್ಸ್ ಬಂದು ಬಿದ್ದಾಗ, ತಾಯಂದಿರನ್ನೆಲ್ಲ ಕೂಡಿಸಿ, ನನಗೂ ಬರುತ್ತಿತ್ತು, ಅಂಜಬೇಡಿ ಎಂದು ಹೇಳಿದಳಂತೆ. ಈಗಲೂ ಎಲ್ಲರ ಮುಂದೆ ಹೇಳುತ್ತಾಳೆ, ಅದಕ್ಕೇ ನಾನು ಅದನ್ನಿಲ್ಲಿ ಬರೆದೆ. ಮದುವೆ ಇಲ್ಲದೆ ಆಕೆಯ ಬದುಕು ಕೆಟ್ಟಿತು ಎನ್ನಲು ನಾನು ಯಾರು? ಆಕೆ ನಗುತ್ತಾಳೆ, ಸ್ಕೂಟರ್ ಓಡಿಸುತ್ತಾಳೆ, ಮಕ್ಕಳು ಆಕೆಯ ಹಿಂದೆ ಓಡುತ್ತವೆ. ಆದರೆ ಇರಲಿ ಬಿಡ್ರಿ ಅಂದ ಆ ಹುಡುಗನನ್ನು ಆಕೆಯೂ ಮೆಚ್ಚಿದ್ದಳು ಎಂದು ಚನ್ನಪ್ಪ ಒಮ್ಮೆ ಹೇಳಿದ್ದ. ತನ್ನ ಮೇಲೆ ಏನು ಅಪವಾದ ಬಂತು, ಯಾರಿಂದ ಬಂತು — ಅದನ್ನು ತಿಳಿಯುವ ದಾರಿಯೂ ಆಕೆಗಿರಲಿಲ್ಲ.

ಹೋದ ಚಳಿಗಾಲ, ಗೋಳಗುಮ್ಮಟದ ತೋಟದಲ್ಲಿ ಬೆಳಗಿನ ತಿರುಗಾಟ ಮುಗಿಸಿ ಕೂತಿದ್ದಾಗ, ನಾನು ಚನ್ನಪ್ಪನಿಗೆ ಎಲ್ಲವನ್ನೂ ಹೇಳಿದೆ. ಯಾಕೆ ಆ ದಿನವೇ ಹೇಳಿದೆನೋ. ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ — ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ಎದ್ದು ಕಂಬಳಿ ಕೊಡವಿದ.

“ನನಗ ಯಾಕ ಹೇಳ್ತಿ? ಆಕಿಗೆ ಹೇಳು.”

ಆಟೊ ಹತ್ತಿ ಹೋದ. ಅಂದಿನಿಂದ ತಿರುಗಾಟಕ್ಕೆ ಬಂದಿಲ್ಲ.

ಈ ದಸರೆಗೆ ಆಕೆ ಎಂದಿನಂತೆ ಬನ್ನಿ ಕೊಡಲು ಬಂದಳು, ಒಬ್ಬಳೇ. ವರ್ಷದ ಮನಸ್ತಾಪವನ್ನೆಲ್ಲ ಮರೆಯುವ ದಿನ ಅದು. ನನ್ನ ಕೈಯಲ್ಲಿ ಎಲೆ ಇಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣ, ಕಾಕಾ,” ಎಂದು ನನ್ನ ಕಾಲು ಮುಟ್ಟಿದಳು. ಅಪ್ಪನಿಗೆ ಮೊಣಕಾಲು ನೋವು, ನೀವೇ ಒಮ್ಮೆ ಮನೆಗೆ ಬನ್ನಿ ಅಂದಳು. ಅವನು ಆಕೆಗೆ ಹೇಳಿಲ್ಲ. ನನ್ನ ಪಾಲಿನದನ್ನು ನನಗೇ ಬಿಟ್ಟಿದ್ದಾನೆ. ನಾನು ಎಲೆ ಹಿಡಿದು ನಿಂತೆ. ಬಾಯಿ ತೆರೆದೆ — ಸೊಸೆ ಚಹಾ ತಂದಳು — ಮುಚ್ಚಿದೆ.

ನಾಳೆಯೇ ಜಲನಗರಕ್ಕೆ ಹೋಗುತ್ತೇನೆ ಎಂದು ಬರೆದು ಇದನ್ನು ಮುಗಿಸಬಹುದಿತ್ತು. ಅಂಥ ನಾಳೆಗಳು ಬಹಳ ಕಳೆದಿವೆ, ನನ್ನ ಮಾತನ್ನು ನಾನೇ ನಂಬುವುದಿಲ್ಲ. ಈ ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು ಹೋದರೆ, ಬಾಯಿ ಬರದಿದ್ದರೂ ಕೊಟ್ಟು ಬರಬಹುದು. ಆಕೆ ಓದುವ ತನಕ ಎದುರಿಗೆ ನಿಂತಿರುತ್ತೇನೆ. ಆಮೇಲೆ ಕೂರಿಸುವುದೋ ಹೊರಗೆ ಹಾಕುವುದೋ ಆಕೆಗೆ ಬಿಟ್ಟದ್ದು. ಇಷ್ಟು ಬರೆದರೂ ಗೆಳೆಯನ ಮಗಳು, ಹುಡುಗಿ, ಆಕೆ ಎಂದೇ ದಾಟಿಸಿಕೊಂಡು ಬಂದಿದ್ದೇನೆ. ಕ್ಷಮೆ ಕೇಳಬೇಕಾದವರಿಗೆ ಹೆಸರಿರುತ್ತದೆ. ಆಕೆಯ ಹೆಸರು ಶಿವಲೀಲಾ.