ದಿಂಬಿನ ಮೇಲಿನ ಉಣ್ಣಿ

ರಕ್ತ ಹೀರುವ ಉಣ್ಣಿಗಳನ್ನು ಸಾಕುವುದೇ ಅವಳ ಕೆಲಸ. ಕುದುರೆಯ ರಕ್ತದ ಜೊತೆ ಒಳಹೊಕ್ಕ ರೋಗಾಣುಗಳನ್ನು ಉಣ್ಣಿಯ ಮೈ ಹೇಗೆ ಕೊಲ್ಲುತ್ತದೆಂದು ಅವಳ ಪ್ರಯೋಗಾಲಯ ಹುಡುಕುತ್ತಿತ್ತು. ಉಣ್ಣಿ ಹತ್ತಿದರೆ ತಕ್ಷಣ ಕಾಣಲೆಂದು ಮನೆಯಲ್ಲೂ ಎಲ್ಲವೂ ಬಿಳಿ. "ಇದೇನು ಮನೆನಾ, ಆಸ್ಪತ್ರೆನಾ?" ಎಂದು ಗಂಡ ರೇಗಿಸುತ್ತಿದ್ದ.

ಹೋದ ವಾರ ಅವಸರದಲ್ಲಿ ಕೋಟು ಕೊಡವದೆ ಮನೆಗೆ ಬಂದಿದ್ದಳು. ಮರುದಿನ, ರೋಗದ ಕುದುರೆಯ ರಕ್ತ ಕುಡಿದು ಈಗ ಮತ್ತೆ ಹಸಿದಿದ್ದ ಉಣ್ಣಿಯೊಂದು ಲೆಕ್ಕಕ್ಕೆ ಸಿಗಲಿಲ್ಲ. ಇಂದು ಬೆಳಿಗ್ಗೆ ಅದು ಮಗಳ ದಿಂಬಿನ ಮೇಲೆ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಡಬ್ಬಿಗೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಓಡಿದಳು.

ಅಲ್ಲಿನ ಮುಖ್ಯಸ್ಥೆ ಮೇಡಂ ಅದನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ ಹಿಗ್ಗಿದರು. "ಒಂದು ರೋಗಾಣುನೂ ಉಳಿದಿಲ್ಲ ಕಣಮ್ಮ! ಎಲ್ಲಾನೂ ಇದರ ಮೈಯೇ ಕೊಂದು ಹಾಕಿದೆ. ಇನ್ಯಾಕೆ ಹೆದರ್ತೀಯ?"

"ಕೊಂದಿದ್ದು ಯಾವಾಗ ಮೇಡಂ?" ಅವಳು ಕೇಳಿದಳು. "ನನ್ನ ಮಗಳನ್ನ ಕಚ್ಚೋಕೆ ಮುಂಚೆನೋ, ಆಮೇಲೋ?"