ಹೆಪ್ಪಿನ ಮಣ್ಣು

ಪಕ್ಕದ ಹೊಲದ ಅಕ್ಕ ಬೆಳೆಸಿದ ಶೇಂಗಾ ಗಿಡಗಳನ್ನು ಚಳ್ಳಕೆರೆಯ ರೈತರ ಸಭೆಯಲ್ಲಿ ಎತ್ತಿ ಹಿಡಿದು, ಅವು ತಾವು ಹಂಚಿದ ಗೊಬ್ಬರದ ಪೊಟ್ಟಣದ ಫಲವೆಂದು ಕೃಷಿ ಇಲಾಖೆಯ ಸಾಹೇಬರೊಬ್ಬರು ಸಾರಿದರು. ಆಕೆಯನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ನೀರು ಹಂಚಲು ಕಳುಹಿಸಿದರು. ತೊಂಬತ್ತರ ದಶಕದ ಕೊನೆಯ ಮಾತು. ನಾನು ಅಲ್ಲೇ ಇದ್ದೆ. ಮರೆತಿಲ್ಲ.

ಆಕೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನ ಕೆಮ್ಮಣ್ಣು ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಸಿದ್ದಾಪುರದ ಗುಡ್ಡದ ಬುಡದಲ್ಲಿ, ಶೇಂಗಾ ಎಂದೂ ಕಾಣದ ನೆಲದ ಕಲ್ಲುಗಳನ್ನು ಮೂರು ವರ್ಷ ಆಯ್ದು ಹಸನು ಮಾಡಿದ್ದಳು. ಮೊದಲ ಬಿತ್ತನೆ ಹುಸಿಹೋದರೆ ಆ ನೆಲ ಮತ್ತೆ ಮೈದುನರ ಕುರಿ ಮೇಯಲು ಹೋಗುತ್ತಿತ್ತು. ಹಳೆಯ ಶೇಂಗಾ ಹೊಲದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ತಂದು, ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಸವರಿ ಬೇವಿನ ನೆರಳಲ್ಲಿ ಆರಿಸುವುದು ಆಕೆಯ ತವರಿನ ಪದ್ಧತಿ. ಕೇಳಿ ನಾನು ನಕ್ಕೆ.

"ಹಾಲು ತಾನಾಗೇ ಮೊಸರಾಗ್ತೈತಾ ಮೇಷ್ಟ್ರೆ? ಹೊಸ ನೆಲಕ್ಕೂ ಹೆಪ್ಪು ಹಾಕ್ಬೇಕು" ಎಂದಳು.

ಅದೇ ವಾರ ಸಾಹೇಬರು ಜೀವಾಣು ಗೊಬ್ಬರದ ಪೊಟ್ಟಣಗಳನ್ನು ತಂದು ತಗಡಿನ ಷೆಡ್ಡಿನಲ್ಲಿ ಒಟ್ಟಿದರು. ಅವು ಬಿಸಿಲಿಗೆ ನಾಲ್ಕು ದಿನ ಬೆಂದ ಮೇಲೆ ಹಂಚಿದರು. ಆಕೆ ತನ್ನದನ್ನು ಕೆನ್ನೆಗೊತ್ತಿ ನೋಡಿದಳು.

"ಕಾದೈತ್ರಿ. ಇದ್ರಾಗಿನ ಜೀವ ಹೋಗೈತೆ."

"ಏನಮ್ಮ, ನಾಡಿ ಹಿಡಿದು ನೋಡಿದೆಯಾ?" ಎಂದರು ಸಾಹೇಬರು. ನೆರೆದವರೆಲ್ಲ ನಕ್ಕರು.

ಆಕೆ ಹೊಲವನ್ನು ಎರಡು ಮಾಡಿದಳು. ಅರ್ಧ ನೆಲಕ್ಕೆ ಅವರ ಪೊಟ್ಟಣ, ಇನ್ನರ್ಧಕ್ಕೆ ತನ್ನ ಹೆಪ್ಪು. ನಡುವೆ ಒಂದು ಕಲ್ಲಿನ ಸಾಲು.

ತಿಂಗಳೊಳಗೆ ಪೊಟ್ಟಣದ ಬದಿಯ ಸಸಿಗಳು ಅರಿಶಿನ ಬಣ್ಣಕ್ಕೆ ತಿರುಗಿ ಕುಳ್ಳಗೆ ನಿಂತವು. ಹೆಪ್ಪಿನ ಬದಿ ಕಡುಹಸಿರು. ಆಕೆ ಒಂದು ಸಸಿಯನ್ನು ಬೇರು ಹರಿಯದಂತೆ ಎಬ್ಬಿಸಿ ಚೊಂಬಿನ ನೀರಿನಲ್ಲಿ ತೊಳೆದಳು. ಬೇರಿನುದ್ದಕ್ಕೂ ಸಾಸಿವೆಯಂಥ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದಳು. ಒಳಗೆ ರಕ್ತದ ಕೆಂಪು. ಇಂಥ ಗಂಟುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಸಸಿಗೆ ಉಣಿಸುತ್ತವೆ, ಸಸಿ ಅವಕ್ಕೆ ಸಕ್ಕರೆ ಕೊಡುತ್ತದೆ ಎಂದು ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಕಂಡದ್ದು ಅಂದು. ಬಟ್ಟೆಯ ಗಂಟಿನಲ್ಲಿ ಬಂದ ಆ ಅಗೋಚರ ಸಂತಾನ ಅರ್ಧ ನೆಲವನ್ನೇ ಸಾಕಿತ್ತು.

"ಇದು ನಿಮ್ ಪುಸ್ತಕದಾಗೆ ಐತಾ?"

"ಐತೆ."

"ಮತ್ತೆ ಅವತ್ತು ಯಾಕ್ ನಕ್ಕಿದ್ರಿ?"



ಮರುವಾರ ಸಾಹೇಬರು ಬಂದು ಎರಡೂ ಬದಿ ನೋಡಿದರು. ಹಸಿರು ಬದಿಯಿಂದ ಆರು ಗಿಡ ಕಿತ್ತು ಜೀಪಿನಲ್ಲಿಟ್ಟರು.

"ಅದು ನನ್ ಹೆಪ್ಪಿಂದು ಸಾಯೇಬ್ರೆ" ಎಂದಳು ಆಕೆ.

"ಗೊತ್ತಮ್ಮ, ಗೊತ್ತು" ಎಂದರು.

ಆ ಗಿಡಗಳೇ ಸಭೆಗೆ ಹೋದವು. ಹಿಂದಿರುಗುವ ಬಸ್ಸಿನಲ್ಲಿ ಆಕೆ, "ಹೋಗ್ಲಿ ಬಿಡ್ರಿ ಮೇಷ್ಟ್ರೆ, ನೆಲ ಉಳೀತಲ್ಲ" ಎಂದಳು. ಆಕೆ ಬಿಟ್ಟಳು, ನಾನು ಬಿಡಲಿಲ್ಲ. ಇಲಾಖೆಗೆ ಬರೆದ ಮೂರು ಪತ್ರಗಳಿಗೂ ಉತ್ತರವಿಲ್ಲ. ಆಕೆ ತೀರಿಕೊಂಡು ವರ್ಷಗಳಾದವು. ಇಂದಿಗೂ ನಮ್ಮ ಕಡೆ ಹೊಸ ನೆಲಕ್ಕೆ ಶೇಂಗಾ ಹಾಕುವವರು ಮೊದಲು ಆಕೆಯ ಹೊಲದ ಒಂದು ಹಿಡಿ ಮಣ್ಣು ಒಯ್ಯುತ್ತಾರೆ.

ಸಾಹೇಬರೇ, ಗಿಡ ಕೀಳಲು ಯಾವ ಬದಿಗೆ ಕೈ ಚಾಚಬೇಕೆಂದು ಅಷ್ಟು ಚೆನ್ನಾಗಿ ತಿಳಿದಿದ್ದ ನಿಮಗೆ, ಬೆಳೆಸಿದವಳು ಯಾರೆಂದು ಹೇಳಲು ಬಾಯಿ ಏಕೆ ಬರಲಿಲ್ಲ?