ಆಳೆತ್ತರದ ಮೊಳೆಗಳು

ಬನಶಂಕರಿಯಿಂದ ಕನಕಪುರ ರಸ್ತೆಗೆ ಹೊರಳಿದರೆ ಸ್ವಲ್ಪ ದೂರದಲ್ಲೇ ಒಂದು ಹಳೇ ಮರದ ಅಂಗಡಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಂಪೌಂಡಿನ ಗೋಡೆಗೆ ಕಂಬಗಳನ್ನು ಸಾಲಾಗಿ ಒರಗಿಸಿದ್ದಾರೆ. ಸೆರಗು ಬಿಗಿದ ಹೆಂಗಸೊಬ್ಬರು ಒಂದು ಕಂಬದ ಮೇಲೆ ಅಂಗೈ ಇಟ್ಟು ಯಾರೊಂದಿಗೋ ಮಾತಾಡುತ್ತಿದ್ದಾರೆ. ಅಂಗಳದಲ್ಲಿ ಅವರನ್ನು ಬಿಟ್ಟರೆ ನರಪಿಳ್ಳೆಯೂ ಇಲ್ಲ.

"ತಿಪ್ಪಣ್ಣಾ, ಇದು ಬೆಂಗಳೂರು. ಊರು ಇಲ್ಲಿಗೆ ಬಂದೈತಿ. ನಿನ್ನ ಬಿಡಾಕತ್ತೀನಿ, ಎಲ್ಲಿ ಬೇಕಾದ್ರೂ ಹೋಗಪಾ."

ಹೀಗೆಂದವರೇ ಹಾರೆಯ ಸೀಳು ತುದಿಯನ್ನು ಮೊಳೆಯ ತಲೆಗೆ ಸಿಕ್ಕಿಸಿ ಎಳೆಯುತ್ತಾರೆ. ಒಣ ಸಾಗುವಾನಿಯಿಂದ ಮೊಳೆ ಸಣ್ಣಗೆ ನರಳುತ್ತ ಹೊರಗೆ ಬರುತ್ತದೆ. ಅದು ಮರದ ಸದ್ದು, ಇನ್ನೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಇವರು ದಾನಮ್ಮ. ವಯಸ್ಸು ಐವತ್ತರ ಆಚೀಚೆ. ಕೆಡವಿದ ಮನೆಗಳಿಂದ ಬರುವ ತೊಲೆ, ಬಾಗಿಲು, ಕಂಬಗಳ ಮೊಳೆ ಕೀಳುವುದು ಇವರ ಕೆಲಸ. ಜಯನಗರ, ಜೆ.ಪಿ. ನಗರದ ಹೊಸ ಮನೆಗಳಲ್ಲಿ ಹಳೇ ಸಾಗುವಾನಿಯ ಬಾಗಿಲು ಮಾಡಿಸುವುದು ಈಗಿನ ಷೋಕಿ. ಆ ಮರ ಗರಗಸಕ್ಕೆ ಹೋಗುವ ಮೊದಲು ಇವರ ಕೈ ದಾಟಬೇಕು. ಒಂದೇ ಒಂದು ಮೊಳೆ ಒಳಗೆ ಉಳಿದರೂ ಗರಗಸದ ಹಲ್ಲು ಮುರಿದು ಮುಖಕ್ಕೆ ಸಿಡಿಯುತ್ತದೆ. ದಿನಕ್ಕೆ ಡಾಲ್ಡಾ ಡಬ್ಬದ ತುಂಬ ತುಕ್ಕು ಮೊಳೆ ಬೀಳುತ್ತವೆ. ಬೆರಳುಗಳಲ್ಲಿ ಗಾಯವಿಲ್ಲದ ಜಾಗ ಹುಡುಕಬೇಕು. "ತುಕ್ಕಿನ ನಂಜು ಏರಬಾರ್ದು ಅಂತ ಸೂಜಿ ಚುಚ್ಚಿಸಿಕೊಂಡು ತೋಳು ಜರಡಿ ಆಗೈತ್ರಿ ಅಕ್ಕಾರ" ಎಂದು ನಗುತ್ತಾರೆ.

ಕಳೆದ ಕೆಲವು ತಿಂಗಳಿಂದ ಇಲ್ಲಿಗೆ ಬರುತ್ತಿರುವುದು ದಾನಮ್ಮನ ಊರೇ. ಕರಿಗಣವಿ, ಉತ್ತರದ ಕಾಡಿನೊಳಗೆ ರೈಲು ಹಳಿ ಮುಗಿಯುತ್ತಿದ್ದ ಜಾಗ. ನಾಟಾ ಸಾಗಿಸಲೆಂದೇ ಹಳಿ ಹಾಕಿದರು, ದಿಮ್ಮಿ ಹೇರಲು ಜನ ಬಂದರು, ಜನರಿಗಾಗಿ ಸಾಲುಮನೆ, ಚಹಾದಂಗಡಿ, ಸಣ್ಣದೊಂದು ಸ್ಟೇಷನ್ ಆದವು. ತೊಂಬತ್ತರ ದಶಕದಲ್ಲಿ ಮರ ಕಡಿಯುವುದು ನಿಂತಿತು. ರೈಲೂ ನಿಂತಿತು. ಕೊನೆಗೆ ಹಳಿ ಕಿತ್ತರು, ಊರನ್ನೇ ಬಿಚ್ಚಿ ಹರಾಜು ಹಾಕಿದರು. ಹಿಡಿದವರು ಈ ಅಂಗಡಿಯ ಚಲುವರಾಜು. ಅದಕ್ಕೂ ಮೊದಲೇ ಬೆಂಗಳೂರಿಗೆ ಬಂದು ಇಲ್ಲಿ ಕೆಲಸಕ್ಕೆ ಸೇರಿದ್ದ ದಾನಮ್ಮ, ಮೊದಲ ಲಾರಿಯಲ್ಲಿ ತಮ್ಮದೇ ಅಡುಗೆಮನೆಯ ಬಾಗಿಲು ಕಂಡು ಕುಸಿದು ಕೂತಿದ್ದರಂತೆ.

ಈ ಕಂಬಗಳಲ್ಲಿ ಆಳೆತ್ತರಕ್ಕೆ ಬಡಿದಿರುವ ಒಂಟಿ ಮೊಳೆಗಳ ಕಥೆ ಕೇಳುತ್ತೇನೆ. ದಾನಮ್ಮ ಹಾರೆಯನ್ನು ಕೆಳಗಿಡುತ್ತಾರೆ.

"ದಿಮ್ಮಿ ಉರುಳಿ ಭಾಳ ಮಂದಿ ಸಾಯ್ತಿದ್ರು. ಹಂಗ ಸತ್ತವರು ಸುಮ್ಮನ ಇರಂಗಿಲ್ಲ, ತುಂಬಿದ ವ್ಯಾಗನ್ ಹತ್ತಿ ಮರದ ಬೆನ್ನ ಹಿಂದ ಹೊಂಟಬಿಡ್ತಾರ ಅಂತಿದ್ರು. ಪರದೇಶಿ ಆಗಬಾರ್ದು ಅಂತ, ಕಂಬದ ಮ್ಯಾಲ ಅವರ ಹಣಿ ಎತ್ತರಕ್ಕ ಒಂದು ಮೊಳಿ ಬಡೀತಿದ್ವಿ. ಊರಾಗ ಉಳೀಲಿ ಅಂತ."

ಹಾರೆಯನ್ನು ಮತ್ತೆ ಎತ್ತಿಕೊಂಡು ಹೇಳುತ್ತಾರೆ: "ಮಂದಿ ಹೋಗ್ತಾರ ಅಂತ ಗೊತ್ತಿತ್ತು. ಊರ ಹೊಂಟ್ ಹೋಗತೈತಿ ಅಂತ ಯಾರಿಗೂ ಹೊಳೀಲಿಲ್ಲ ನೋಡ್ರಿ."

ದೆವ್ವ ಭೂತ ಎಂದರೆ ನಗುವವಳು ನಾನು. ಆದರೂ ಸಾಲಿನ ಕೊನೆಯ ಕಂಬದ ಮುಂದೆ ನಿಂತಾಗ, ಮೊಳೆ ಸರಿಯಾಗಿ ನನ್ನ ಹಣೆಯ ನೇರಕ್ಕೆ ಬಂದು, ಎದುರಿಗೆ ನನ್ನಷ್ಟೇ ಎತ್ತರದ ಯಾರೋ ಉಸಿರು ಹಿಡಿದು ನಿಂತಿದ್ದಾರೆ ಅನಿಸುತ್ತದೆ. ಹೆದರಿಕೆಯಾಗುತ್ತದೆ. ಪಕ್ಕಕ್ಕೆ ಸರಿಯುತ್ತೇನೆ.

ಚಲುವರಾಜು ಚಹಾ ತರಿಸುತ್ತಾರೆ. "ನಾನ್ ಇದನ್ನೆಲ್ಲಾ ನಂಬಲ್ಲ ಮೇಡಂ. ಆದ್ರೆ ಆಯಮ್ಮ ಆ ಥರ ಮೊಳೆ ಕಿತ್ತಾಗೆಲ್ಲಾ ನಮ್ ನಾಯಿ ಒಳಗೆ ಕಾಲಿಡಲ್ಲ, ಬಿಸ್ಕೆಟ್ ಹಾಕಿದ್ರೂ ಬರಲ್ಲ. ಗೇಟಿಂದ ಯಾರೋ ಆಚೆ ಹೋದಂಗೆ ಕತ್ತು ತಿರುಗಿಸ್ಕೊಂಡು ನೋಡ್ತಿರುತ್ತೆ. ರೋಡಲ್ಲಿ ನೋಡಿದ್ರೆ ಯಾರೂ ಇರಲ್ಲ."

ಇವತ್ತು ಕರಿಗಣವಿಯ ಕೊನೆಯ ಲಾರಿ ಬರುವ ದಿನ. ಅದರಲ್ಲಿ ಸ್ಟೇಷನ್ನಿನ ಕಂಬಗಳಿವೆ. ಟಿಕೆಟ್ ಕಿಟಕಿಯ ಪಕ್ಕದ ಕಂಬದಲ್ಲಿ ದಾನಮ್ಮನ ಗಂಡ ಗುರುಸಿದ್ದ ಅವರ ಮೊಳೆಯಿದೆ. ವ್ಯಾಗನ್ನಿಗೆ ದಿಮ್ಮಿ ಏರಿಸುವಾಗ ಹಗ್ಗ ಹರಿದು ತೀರಿಹೋದವರು. ಮದುವೆಯಾಗಿ ಎರಡನೇ ವರ್ಷ. ಆ ಮೊಳೆಯನ್ನು ಬಡಿಸಿದ್ದು ಹೆಂಡತಿಯ ಕೈಯಿಂದಲೇ.

ಇಷ್ಟು ದಿನ ಊರವರನ್ನೆಲ್ಲ ಹೆಸರು ಹಿಡಿದು ಬಿಡಿಸಿ ಕಳಿಸಿದ ದಾನಮ್ಮ, ಈಗ ಊಟದ ಡಬ್ಬಿಯನ್ನೂ ತೆರೆಯದೆ ಕೂತಿದ್ದಾರೆ. ಏನು ಭಯ ಎಂದು ಕೇಳಿದರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಅವರು ಇನ್ನೂ ಹರೇದಾಗ ಅದಾರ್ರಿ. ನಾ ಮುದುಕಿ ಆಗೀನಿ. ನನ್ನ ಗುರ್ತ ಹಿಡೀಲಿಲ್ಲ ಅಂದ್ರ? ಯಾರೋ ಏನೋ ಅಂದು ಮುಂದ ಹೋಗಿಬಿಟ್ರ? ಈ ಊರಾಗ ಅವರು ಎಲ್ಲಿ ಅಂತ ಹೋದಾರು?"

ಊಟದ ಡಬ್ಬಿಯನ್ನು ಅವರ ಹತ್ತಿರಕ್ಕೆ ಸರಿಸುತ್ತೇನೆ.

ಮಧ್ಯಾಹ್ನ ಇಳಿಯುವಾಗ ಲಾರಿ ಬರುತ್ತದೆ. ಹಮಾಲರು ಕಂಬಗಳನ್ನು ಇಳಿಸುತ್ತಾರೆ. ದಾನಮ್ಮ ಒಂದೊಂದನ್ನೇ ಸವರಿ ನೋಡಿ, ಒಂದರ ಹತ್ತಿರ ನಿಲ್ಲುತ್ತಾರೆ. ಡಾಂಬರು ಬಳಿದ ಬುಡ ಕೆಳಗಾಗುವಂತೆ ಅದನ್ನು ನಿಲ್ಲಿಸಲು ಹೇಳುತ್ತಾರೆ. "ಮಲಗಿಸಿ ಕೀಳಬಾರ್ದ್ರಿ, ಅವರು ಎದ್ದು ನಿಂತಿರಬೇಕು." ನೆಲದೊಳಗೆ ಹೂತಿದ್ದ ಬುಡವೂ ಈಗ ಮೇಲಿರುವುದರಿಂದ ಮೊಳೆ ಅವರ ಕೈಗೆ ಎಟುಕುವುದಿಲ್ಲ. ಮರದ ತುಂಡೊಂದನ್ನು ಎಳೆದುಕೊಂಡು ಹತ್ತುತ್ತಾರೆ. ಸಹಾಯಕ್ಕೆ ಬಂದ ಹಮಾಲನನ್ನು ಕಣ್ಣಲ್ಲೇ ತಡೆಯುತ್ತಾರೆ.

"ನಾನ್ರೀ, ದಾನವ್ವ. ನಿಮ್ಮ ಹೇಣ್ತಿ. ಕೂದಲ ಬೆಳ್ಳಗಾಗ್ಯಾವ, ಹಲ್ಲು ಎರಡು ಬಿದ್ದಾವ, ಉಳಿದದ್ದೆಲ್ಲಾ ನಾನ. ಬಿಳೇಕಹಳ್ಳಿಯಾಗ ಖೋಲಿ ಮಾಡೀನಿ. ಸಣ್ಣದೈತಿ. ಬರಾಕ ಮನಸ್ಸಿದ್ರ ಬರ್ರಿ, ಇಲ್ಲಂದ್ರ ನಿಮ್ಮಿಷ್ಟ."

ಮೊಳೆ ಈ ಸಲ ನರಳುವುದಿಲ್ಲ. ಬೆಣ್ಣೆಯಿಂದ ಬಂದಂತೆ ಸಲೀಸಾಗಿ ಬರುತ್ತದೆ. ದಾನಮ್ಮ ಅದನ್ನು ಡಬ್ಬಕ್ಕೆ ಹಾಕಿ ಕೆಳಗಿಳಿಯುತ್ತಾರೆ. ಅಂಗಳದಲ್ಲಿ ಗಾಳಿ ಸುಳಿಯುವುದಿಲ್ಲ.

ಕೆಲಸ ಮುಗಿಸಿ, ಕಾಲು ತೊಳೆದು, ತಲೆ ಬಾಚಿಕೊಂಡು ಹೊರಡುತ್ತಾರೆ. ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟುಕೊಂಡಿದ್ದಾರೆ. ಗೇಟಿನ ಹತ್ತಿರ ನಿಂತು ಹಿಂದೆ ತಿರುಗಿ ಕರೆಯುತ್ತಾರೆ. "ಬರ್ರಿ, ಬಸ್ ತಪ್ಪತೈತಿ."

ಜೊತೆಗೆ ಹೋಗೋಣವೆಂದು ನಾನು ಬ್ಯಾಗು ಹೆಗಲಿಗೇರಿಸಿ ಎರಡು ಹೆಜ್ಜೆ ಇಡುತ್ತೇನೆ. ಆಗ ತಿಳಿಯುತ್ತದೆ, ಅವರು ನೋಡುತ್ತಿರುವುದು ನನ್ನನ್ನಲ್ಲ. ನನ್ನ ತಲೆಯ ಮೇಲಿಂದ, ತುಸು ಎತ್ತರಕ್ಕೆ, ನನ್ನ ಬೆನ್ನ ಹಿಂದೆ ನೋಡುತ್ತಿದ್ದಾರೆ. ನೋಡುತ್ತ ನೋಡುತ್ತ ಅವರ ಮುಖದಲ್ಲಿ ಹೊಸ ಮದುವಣಗಿತ್ತಿಯ ನಾಚಿಕೆ ಮೂಡುತ್ತದೆ. ನಾನು ಹಿಂದಿರುಗಿ ನೋಡುವುದಿಲ್ಲ. ದಾರಿ ಬಿಟ್ಟು ನಿಲ್ಲುತ್ತೇನೆ.